ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಅದು ಸುರುವಾದದ್ದು ಮಾಗಿಯ ಚಳಿಯಲ್ಲಿ, ದೀಪ ಹಚ್ಚುವ ಹೊತ್ತಿಗೆ. ಗುಳೇದಗುಡ್ಡದಲ್ಲಿ ಮಾಗಿ ಬಂತೆಂದರೆ ಹಾಲು ಹೆಪ್ಪಾಗಲು ಒಲ್ಲೆನ್ನುತ್ತದೆ. ಹೆಣ್ಣುಮಕ್ಕಳು ಮೊಸರಿನ ಗಡಿಗೆಗೆ ಹಳೆಯ ಕಂಬಳಿ ಸುತ್ತಿ ಒಲೆಯ ಮಗ್ಗುಲಲ್ಲಿ ಕೂಸಿನ ಹಾಗೆ ಮಲಗಿಸುತ್ತಾರೆ. ಬೆಳಿಗ್ಗೆ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಅಂಥದೊಂದು ಸಂಜೆ ಬಸಲಿಂಗವ್ವ ಬಟ್ಟಲು ಹಿಡಿದುಕೊಂಡು ಹಂಪವ್ವನ ಬಾಗಿಲಿಗೆ ಬಂದಳು.

"ಹಂಪಕ್ಕಾ, ಒಂದ ಚಮಚ ಹೆಪ್ಪ ಕೊಡವಾ. ನಮ್ಮ ಗಡಿಗಿ ಮುನಿಸಿಕೊಂಡೈತಿ."

ಇಬ್ಬರದೂ ಒಂದೇ ಗೋಡೆಯ ಮನೆ. ಈ ಕಡೆ ಹಂಪವ್ವನ ಮಗ ಪರಸಪ್ಪನ ಮಗ್ಗ, ಆ ಕಡೆ ಬಸಲಿಂಗವ್ವನ ಗಂಡ ಮಲ್ಲೇಶಪ್ಪನ ಮಗ್ಗ. ಎರಡೂ ಹಗಲೆಲ್ಲ ಕುಪ್ಪಸದ ಖಣ ನೇಯುತ್ತ ಒಂದಕ್ಕೊಂದು ಮಾತಾಡಿದ ಹಾಗೆ ಸಪ್ಪಳ ಮಾಡುತ್ತಿದ್ದವು. ಬಸಲಿಂಗವ್ವ ಹೆಪ್ಪು ಕೇಳಿದ್ದು ಹೊಸದೇನಲ್ಲ. ಆದರೆ ಆ ಸಂಜೆ ಹಂಪವ್ವನ ಮನೆಯಲ್ಲಿದ್ದ ಹೆಪ್ಪು ಕಂಪನಿಯದು.

ಅದರ ಕಥೆ ಹೀಗೆ. ಹಂಪವ್ವನ ಸೊಸೆ ಕಸ್ತೂರಿಗೆ ಮೂರ್ಛೆ ರೋಗವಿತ್ತು. ಗುಳಿಗೆಗೆ ಬಗ್ಗುವ ಮೂರ್ಛೆಯಲ್ಲ. ಹುಬ್ಬಳ್ಳಿ, ಬೆಳಗಾವಿಯ ದವಾಖಾನೆ ಎಲ್ಲ ಆಗಿತ್ತು. ಒಮ್ಮೆ ಒಲೆಯ ಮೇಲೆ ಬಿದ್ದು ಎಡಗೈ ಸುಟ್ಟುಕೊಂಡಿದ್ದಳು. ಹೆರಿಗೆಯಾದ ಮೇಲಂತೂ ಕೂಸಿಗೆ ಹಾಲು ಕುಡಿಸುವಾಗ ಹಂಪವ್ವ ಎದುರಿಗೆ ಮೊಣಕಾಲೂರಿ ಕೂತು, ತನ್ನ ಎರಡೂ ಕೈಗಳನ್ನು ಕೂಸಿನ ಕೆಳಗೆ ಹಿಡಿದಿರಬೇಕಾಗುತ್ತಿತ್ತು. ಹೆತ್ತವಳು ತನ್ನ ಕೂಸನ್ನು ತಾನೇ ಎತ್ತಿಕೊಂಡು ಅಂಗಳಕ್ಕೆ ಬರುವ ಹಾಗಿರಲಿಲ್ಲ.

ಆಗ ಬಾಗಲಕೋಟೆಯ ನವನಗರದಲ್ಲಿ ಒಂದು ಕಂಪನಿಯವರು ಹೊಸ ಔಷಧ ತಂದರು. ಅದು ಗುಳಿಗೆಯಲ್ಲ, ಸೂಜಿಯಲ್ಲ, ಮೊಸರು. ಹೆಪ್ಪಿನೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನೇ ತಿದ್ದಿ, ಹಾಲು ಮೊಸರಾಗುವಾಗ ಅವು ಮೂರ್ಛೆಯ ಮದ್ದನ್ನೂ ಮಾಡುವ ಹಾಗೆ ಕಲಿಸಿದ್ದರು. ಅದಕ್ಕೆ ಕರೆಂಟಿನ ಬಿಳಿ ಗಡಿಗೆಯೊಂದನ್ನು ಕೊಟ್ಟಿದ್ದರು. ಅದರ ಮುಚ್ಚಳದ ಮೇಲೆ ಹಸಿರು ದೀಪ. ಕಾವು ಎಷ್ಟಿರಬೇಕು, ಯಾವಾಗ ಬಡಿಸಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಅದರ ಬಾಯಲ್ಲೊಂದು ಹೆಣ್ಣುದನಿಯೂ ಇತ್ತು. ತಿಂಗಳಿಗೊಮ್ಮೆ ಕಂಪನಿಯ ಉಪ್ಪಿನ ಪೊಟ್ಟಣ ಬರುತ್ತಿತ್ತು, ಹಾಲಿಗೆ ಚಿಟಿಕೆ ಹಾಕಬೇಕು. ಆ ಮೊಸರು ಉಣ್ಣತೊಡಗಿದ ಮೇಲೆ ಕಸ್ತೂರಿ ಬಿದ್ದಿರಲಿಲ್ಲ. ಚಂಪಾ ಎಂಬ ಆ ಕೂಸನ್ನು ಟೊಂಕದ ಮೇಲಿಟ್ಟುಕೊಂಡು ನಲ್ಲಿಯ ತನಕ ಹೋಗಿಬಂದ ದಿನ ಹಂಪವ್ವ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು.

ಯಾರಿಗೂ ಕೊಡಬಾರದು ಎಂದು ಕಂಪನಿಯವರು ಹೇಳಿಯೇ ಕೊಟ್ಟಿದ್ದರು. ಆದರೆ ಕೇಳಿದವರಿಗೆ ಹೆಪ್ಪು ಇಲ್ಲ ಅನ್ನುವುದನ್ನು ಹಂಪವ್ವ ತನ್ನ ಜೀವಮಾನದಲ್ಲಿ ಕಂಡವಳಲ್ಲ. ಬೆಂಕಿ, ನೀರು, ಹೆಪ್ಪು ಈ ಮೂರಕ್ಕೆ ವೈರಿಗೂ ಇಲ್ಲ ಅನಬಾರದು ಎಂದು ಅವಳ ಅತ್ತೆ ಹೇಳುತ್ತಿದ್ದಳು. ಹಂಪವ್ವ ಮುಚ್ಚಳ ತೆಗೆದಳು.

"ಇದು ಬಡಿಸುವ ಸಮಯವಲ್ಲ. ದಯವಿಟ್ಟು ಮುಚ್ಚಳ ಮುಚ್ಚಿ," ಎಂದಿತು ಗಡಿಗೆ.

"ಸುಮ್ಮಿರ, ನಿನ್ನ ಕೇಳಿಲ್ಲ," ಎಂದಳು ಹಂಪವ್ವ.

ಬಸಲಿಂಗವ್ವ ನಕ್ಕಳು. "ಯವ್ವಾ, ನಿಮ್ಮ ಗಡಿಗಿನೂ ಅತ್ತಿ ಆಗೇತಿ ನೋಡ!"

ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಬರಿಯ ಹೆಪ್ಪು ಹೊರಗೆ ಹೋದರೆ ಮನೆಯ ಹಾಲು-ಹೈನ ಅದರ ಬೆನ್ನು ಹತ್ತಿ ಹೋಗುತ್ತದಂತೆ. ಹಂಪವ್ವ ಡಬ್ಬಿಯಿಂದ ತೊಟ್ಟು ಇರುವ ಒಂದು ಒಣಮೆಣಸಿನಕಾಯಿ ತೆಗೆದು ಬಟ್ಟಲಿನ ಮೊಸರಿನೊಳಗೆ ಹಾಕಿ ಕೊಟ್ಟಳು. ಎಂದಿನ ಹಾಗೆ.

*

ತಿಂಗಳ ತಪಾಸಣೆಗೆ ಕಸ್ತೂರಿಯನ್ನು ನವನಗರಕ್ಕೆ ಕರೆದೊಯ್ದಾಗ, ಗಾಜಿನ ಕೋಣೆಯೊಳಗೆ ಗೋಡೆಯ ತುಂಬ ಒಂದು ನಕಾಶೆ ಹೊಳೆಯುತ್ತಿತ್ತು. ಊರೂರಿಗೆ ಹಸಿರು ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ಗಡಿಗೆ. ಅಲ್ಲಿ ಶಶಿರೇಖಾ ಎಂಬ ವಿಜ್ಞಾನಿ ಇದ್ದಳು. ಹಾಸನದ ಕಡೆಯ ಹುಡುಗಿ, ಮೆತ್ತಗಿನ ಮಾತು. ಹಂಪವ್ವ ಅವಳನ್ನು ಗೌರವದಿಂದ 'ಬಾಯಾರ' ಎನ್ನುತ್ತಿದ್ದಳು.

"ಅಮ್ಮಾ, ಒಂದಿನ ಸಂಜೆ ನಿಮ್ಮ ಗಡಿಗೆ ಮುಚ್ಚಳ ತೆಗೆದಿದ್ದೀರ. ಯಾಕೆ?"

ಹಂಪವ್ವ ಗೋಡೆಯ ನಕಾಶೆಯ ಕಡೆ ನೋಡಿದಳು. ಇಷ್ಟು ದೂರ ಕೂತು ಇವರಿಗೆ ನನ್ನ ಅಡುಗೆಮನೆ ಕಾಣುತ್ತದೆಯೇ? "ಬೆಕ್ಕ ಬಂದಿತ್ತರಿ ಬಾಯಾರ," ಎಂದಳು.

"ಬೆಕ್ಕು ಮುಚ್ಚಳ ತೆಗೀತಾ?" ಶಶಿರೇಖಾ ನಕ್ಕಳು. "ಹೋಗಲಿ ಬಿಡಿ. ಯಾರಿಗಾದ್ರೂ ಕೊಟ್ಟಿದ್ರೂ ಭಯ ಇಲ್ಲ. ಈ ಜೀವಿಗಳಿಗೆ ನಮ್ಮ ಉಪ್ಪು ಬೇಕೇ ಬೇಕು. ಅದು ಅವಕ್ಕೆ ಊಟವೂ ಹೌದು, ಲಗಾಮೂ ಹೌದು. ಉಪ್ಪಿದ್ದಷ್ಟೇ ಮದ್ದು ಮಾಡುತ್ತವೆ, ಜಾಸ್ತಿ ಮಾಡಲ್ಲ. ಉಪ್ಪು ಇಲ್ಲದಿದ್ರೆ ನಾಲ್ಕಾರು ಸಲ ಹೆಪ್ಪು ಹಾಕೋದರೊಳಗೆ ಸತ್ತು ಹೋಗ್ತವೆ."

ಹಂಪವ್ವನಿಗೆ ಒಂದು ಕಡೆ ಸಮಾಧಾನವಾಯಿತು. ಇನ್ನೊಂದು ಕಡೆ, ಜೀವಕ್ಕೆ ಲಗಾಮು ಹಾಕಿ ಅದರ ತುದಿಯನ್ನು ಯಾರದೋ ಕೈಯಲ್ಲಿ ಕೊಡುವುದು ಸರಿಯೇ ಎಂದು ಬಸ್ಸಿನುದ್ದಕ್ಕೂ ಅನಿಸುತ್ತಿತ್ತು. ಕಸ್ತೂರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೊಸೆಯ ಆ ಸುಖದ ಮುಖ ನೋಡಿ ಹಂಪವ್ವ ಕೂಸಿನ ಕುಲಾವಿ ಸರಿಮಾಡಿದಳು.

*

ಯುಗಾದಿ ಕಳೆಯಿತು. ಬಸಲಿಂಗವ್ವನ ಗಡಿಗೆಯಲ್ಲಿ ಹೆಪ್ಪು ಸಾಯಲಿಲ್ಲ. ಚಾಕುವಿನಿಂದ ಕೊಯ್ಯಬೇಕು ಅಂಥ ಮೊಸರು. ಅವಳ ಮನೆಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ, ಹೆಪ್ಪು ಓಣಿಯೆಲ್ಲ ಓಡಾಡಿತು. ಕೊಟ್ಟವರಿಗೆ ಕೊಟ್ಟದ್ದು ನೆನಪಿಲ್ಲ, ತಂದವರಿಗೆ ತಂದದ್ದು ನೆನಪಿಲ್ಲ. ಹೆಪ್ಪನ್ನು ಯಾರು ನೆನಪಿಡುತ್ತಾರೆ?

ಅದು ಮೊದಲು ಹೊಳೆದದ್ದು ಹಂಪವ್ವನ ಕಿವಿಗೆ. ಆಚೆ ಮನೆಯ ಮಗ್ಗದ ಸಪ್ಪಳ ನಿಧಾನವಾಗಿತ್ತು. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗಿ ಎಲ್ಲೋ ಕೂತು ಬೀಡಿ ಸೇದಿ ಬಂದ ಹಾಗೆ. ನಲ್ಲಿಯ ಕಟ್ಟೆಯಲ್ಲಿ ಕೊಡಕ್ಕೆ ಕೊಡ ತಾಗಿದರೂ ಬೈದಾಟವಿಲ್ಲ.

"ನಮ್ಮ ಓಣ್ಯಾಗ ಜಗಳನ ಇಲ್ಲದಂಗ ಆಗೇತಲ್ಲವಾ!" ಎಂದಳು ಬಸಲಿಂಗವ್ವ. "ನಮ್ಮನಿಯಾವ್ರು ಮೊನ್ನೆ ಸೂಜಿಮಲ್ಲಿಗಿ ಖಣದಾಗ ಒಂದ ಸಾಲ ಹೂವ ನೇಯೂದ ಮರತ ಬಿಟ್ಟಾರ. ಬೈದ್ರ ನಗತಾರ. ಮದವಿ ಆದಾಗಿಂದ ಇಷ್ಟ ಚಲೋ ಗಂಡ ನಾ ಕಂಡಿರಲಿಲ್ಲ."

ಹಂಪವ್ವ ನಕ್ಕಳು. ಆದರೆ ಅವಳ ಕಿವಿ ಆಚೆಯ ಮಗ್ಗದ ಕಡೆಗೇ ಇತ್ತು.

ಕಾರಹುಣ್ಣಿಮೆಯ ಹೊತ್ತಿಗೆ ಬಿಳಿ ಗಡಿಗೆ ಒಂದು ಬೆಳಿಗ್ಗೆ ತಾನಾಗಿಯೇ ಮಾತಾಡಿತು. ಅದೇ ಸಕ್ಕರೆಯಂಥ ದನಿ. "ಪ್ರಿಯ ಗ್ರಾಹಕರೇ, ಈ ಸೇವೆಯನ್ನು ನಿಲ್ಲಿಸಲಾಗುತ್ತಿದೆ. ಇನ್ನು ಮುಂದೆ ಪೊಟ್ಟಣ ಬರುವುದಿಲ್ಲ. ಇಷ್ಟು ದಿನ ನಮ್ಮೊಂದಿಗಿದ್ದುದಕ್ಕೆ ಧನ್ಯವಾದಗಳು."

ಕಸ್ತೂರಿಯ ಕೈಯಲ್ಲಿದ್ದ ರೊಟ್ಟಿಯ ಹಿಟ್ಟು ಹಾಗೇ ನಿಂತಿತು.

ಹಂಪವ್ವ ಅದೇ ದಿನ ನವನಗರದ ಬಸ್ಸು ಹತ್ತಿದಳು. ಗಾಜಿನ ಕೋಣೆಯ ಗೋಡೆಯ ಮೇಲೆ ಹಸಿರು ಚುಕ್ಕೆಗಳು ಊರೂರಾಗಿ ಆರಿ ಹೋಗುತ್ತಿದ್ದವು. ಶಶಿರೇಖಾ ಒಬ್ಬಳೇ ಅದನ್ನು ನೋಡುತ್ತ ಕೂತಿದ್ದಳು.

"ಯಾಕ್ರಿ ಬಾಯಾರ? ನಾವೇನ ತಪ್ಪ ಮಾಡೀವಿ?"

"ನೀವೇನೂ ಮಾಡಿಲ್ಲಮ್ಮಾ. ನಮ್ಮ ಕಂಪನಿನ ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿದೆ. ಮೈ ಇಳಿಸೋ ಮೊಸರು ಜಾಸ್ತಿ ಮಾರತ್ತೆ, ಅದು ಸಾಕು ಅಂದ್ರು. ಮೂರ್ಛೆ ಬರೋರು ಕಡಿಮೆ ಜನ ಅಲ್ವಾ..."

"ಕಡಿಮಿ ಅಂದ್ರ? ನಮ್ಮ ಮನ್ಯಾಗ ಇರಾಕಿ ಒಬ್ಬಾಕಿನ ಸೊಸಿರಿ."

ಶಶಿರೇಖಾ ಮೇಜಿನ ಖಾನೆಯಿಂದ ಉಳಿದಿದ್ದ ಅರ್ಧ ಪೊಟ್ಟಣ ತೆಗೆದು ಹಂಪವ್ವನ ಚೀಲಕ್ಕೆ ತುರುಕಿ, "ಯಾರಿಗೂ ಹೇಳಬೇಡಿ. ಏನಾದ್ರೂ ಆದ್ರೆ ನನಗೆ ಫೋನ್ ಮಾಡಿ," ಎಂದಳು.

*

ಆ ಪೊಟ್ಟಣವೂ ತೀರಿತು. ಬಿಳಿ ಗಡಿಗೆಯ ಮೊಸರು ಮೊದಲು ಲೋಳೆಯಾಯಿತು, ಆಮೇಲೆ ನೀರಾಯಿತು.

ಕಸ್ತೂರಿ ಬಿದ್ದದ್ದು ತೊಟ್ಟಿಲ ಮುಂದೆ. ಕೂಸನ್ನು ಎತ್ತಿಕೊಳ್ಳಲು ಬಾಗಿದವಳು, ಎತ್ತುವ ಮೊದಲೇ ಬಿದ್ದಳು. ಎತ್ತಿದ ಮೇಲೆ ಬಿದ್ದಿದ್ದರೆ? ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಂದ ಆಡಲಿಲ್ಲ. ಆಡದಿದ್ದರೂ ಅದು ನಡುಮನೆಯಲ್ಲಿ ಕೂತೇ ಇತ್ತು. ಎಚ್ಚರವಾದ ಮೇಲೆ ಕಸ್ತೂರಿ ಗೋಡೆಗೆ ಒರಗಿ, "ಅತ್ತಿ, ಇನ್ನ ಕೂಸಿನ್ನ ನನ್ನ ಕೈಯಾಗ ಕೊಡಬ್ಯಾಡ್ರಿ," ಎಂದಳು.

ಹಂಪವ್ವ ಮತ್ತೆ ಎದುರಿಗೆ ಮೊಣಕಾಲೂರಿ ಕೂತಳು, ಮತ್ತೆ ಎರಡೂ ಕೈ ಕೂಸಿನ ಕೆಳಗೆ. ಈಗ ಕೂಸು ಬೆಳೆದಿತ್ತು, ಅವಳ ಕೈಗಳು ಮುದಿಯಾಗಿದ್ದವು.

ಸುದ್ದಿ ಕೇಳಿ ಬಸಲಿಂಗವ್ವ ಒಂದು ಚೊಂಬು ಮಜ್ಜಿಗೆ ತಂದಳು. "ಕುಡಿ ತಂಗಿ, ಜೀವಕ್ಕ ತಂಪಾಗತೈತಿ." ಮರುದಿನವೂ ತಂದಳು. ನೆರೆಯವಳ ಮಜ್ಜಿಗೆ ಕುಡಿಯುತ್ತ ಕುಡಿಯುತ್ತ ಕಸ್ತೂರಿಗೆ ಮೂರ್ಛೆ ನಿಂತಿತು. ಮೊದಲು ದೇವರು ಕಣ್ಣು ತೆರೆದ ಅಂದುಕೊಂಡರು. ಆಮೇಲೆ ಒಂದು ದಿನ ಹಂಪವ್ವ ಬಸಲಿಂಗವ್ವನ ಮಣ್ಣಿನ ಗಡಿಗೆಯ ಮುಂದೆ ನಿಂತು ಆ ಮೊಸರನ್ನು ನಾಲಿಗೆಯ ತುದಿಗೆ ಹಚ್ಚಿ ನೋಡಿದಳು. ಕಂಪನಿಯ ಮೊಸರಿಗಿದ್ದ ಅದೇ ಸಣ್ಣ ಒಗರು, ಅದರ ಹಿಂದೆಯೇ ಮೆಣಸಿನ ತೊಟ್ಟಿನ ವಾಸನೆ.

"ಬಸಲಿಂಗಿ, ಇದ ನಾ ಕೊಟ್ಟ ಹೆಪ್ಪಲ್ಲೇನ?"

"ಮತ್ತ್ಯಾರದು? ಮಾಗ್ಯಾಗ ಕೊಟ್ಟಿದ್ದಿಯಲ್ಲ."

ತಾನು ಕೊಟ್ಟ ಹೆಪ್ಪನ್ನೇ ಹಂಪವ್ವ ಬಟ್ಟಲಲ್ಲಿ ಇಸಿದುಕೊಂಡು ಬಂದಳು. ಬಿಳಿ ಗಡಿಗೆಯನ್ನು ಮೂಲೆಗೆ ತಳ್ಳಿ ತನ್ನ ಹಳೆಯ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದಳು. ಕಸ್ತೂರಿ ಕೂಸನ್ನು ಎತ್ತಿಕೊಂಡು ಮತ್ತೆ ನಲ್ಲಿಗೆ ಹೋದಳು. ಕಂಪನಿಯ ಲಗಾಮು ಹರಿದಿತ್ತು. ಪರಸಪ್ಪ ಮಗ್ಗದ ಮೇಲಿಂದ, "ಯವ್ವಾ, ನಿನ್ನ ಮೆಣಸಿನಕಾಯಿ ಕಂಪನಿನ ಸೋಲಿಸಿತು ಬಿಡ," ಎಂದು ನಕ್ಕ.

ಆದರೆ ಕೂಸು ಅಳುವುದನ್ನು ಬಿಟ್ಟಿತು.

ಹಸಿವಾದರೆ ಅಳುತ್ತಿದ್ದ ಕೂಸು, ತೊಟ್ಟಿಲ ಹಗ್ಗ ಕಿರ್ರೆಂದರೆ ಸಾಕು ಕಣ್ಣು ಬಿಡುತ್ತಿದ್ದ ಕೂಸು, ಈಗ ಹಾಲು ಕುಡಿದು ಮಲಗಿದರೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಬಸಲಿಂಗವ್ವ, "ಅಳದ ಕೂಸು, ಪುಣ್ಯಾ ಮಾಡೀರಿ," ಎಂದಳು. ಹಂಪವ್ವನಿಗೆ ಆ ಪುಣ್ಯ ಬೇಕಿರಲಿಲ್ಲ. ಅಂಗಾಲಿಗೆ ಬೆರಳಿನಿಂದ ಹೊಡೆದು ನೋಡಿದಳು. ಚಂಪಾ ತುಟಿಯನ್ನು ಸ್ವಲ್ಪ ಅಲುಗಿಸಿ ಮತ್ತೆ ನಿದ್ದೆಗೆ ಜಾರಿದಳು. ಆಚೆ ಮನೆಯ ಮಗ್ಗ ಅಂದು ಸುರುವಾಗಿಯೇ ಇರಲಿಲ್ಲ. ಓಣಿಯುದ್ದಕ್ಕೂ ಕಿವಿಗೊಟ್ಟಳು. ಎಲ್ಲೋ ಒಂದೆರಡು ಮಗ್ಗ, ಅವೂ ತೂಕಡಿಸುತ್ತಿದ್ದವು.

ಹಂಪವ್ವ ಫೋನು ಮಾಡಿಸಿದಳು.

*

ಶಶಿರೇಖಾ ಬಂದು ಮೂರು ನಾಲ್ಕು ಮನೆಗಳ ಮೊಸರನ್ನು ಸಣ್ಣ ಸೀಸೆಗಳಲ್ಲಿ ತುಂಬಿಕೊಂಡು ಹೋದಳು. ಹಂಪವ್ವನನ್ನೂ ಜೊತೆಗೆ ಕರೆದೊಯ್ದು ಪ್ರಯೋಗಶಾಲೆಯಲ್ಲಿ ಕೂರಿಸಿದಳು. ಯಂತ್ರ ಗುಂಯ್‌ಗುಟ್ಟುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ಕುರ್ಚಿ ಎಳೆದುಕೊಂಡು ಹಂಪವ್ವನ ಎದುರಿಗೆ ಕೂತಳು.

"ಅಮ್ಮಾ, ನಿಜ ಹೇಳಿ. ಆ ಸಂಜೆ ಹೆಪ್ಪು ಕೊಡುವಾಗ ಅದಕ್ಕೆ ಏನಾದ್ರೂ ಹಾಕಿದ್ರಾ?"

"ದೀಪ ಹಚ್ಚಿದ ಮ್ಯಾಲ ಬರೇ ಹೆಪ್ಪ ಕೊಡಬಾರದ್ರಿ. ಒಂದು ಒಣಮೆಣಸಿನಕಾಯಿ ಹಾಕಿದ್ದೆ."

"ಅದಕ್ಕೆ ತೊಟ್ಟು ಇತ್ತಾ?"

"ತೊಟ್ಟ ಇಲ್ಲದ್ದು ಹ್ಯಾಂಗ ಹಾಕೂದರಿ?"

ಶಶಿರೇಖಾ ಕಣ್ಣು ಮುಚ್ಚಿ ತೆರೆದಳು. ಮೆಣಸಿನ ತೊಟ್ಟಿನಲ್ಲಿ ಹಾಲು ಹೆಪ್ಪಾಗಿಸುವ ಬೇರೆ ಜೀವಿಗಳು ಇರುತ್ತವೆ, ಹೆಪ್ಪು ಸಿಗದಿದ್ದಾಗ ಹಿಂದಿನವರು ಅದನ್ನೇ ಹಾಕುತ್ತಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಆ ಕಾಡುಜೀವಿಗಳು ಕಂಪನಿಯ ಜೀವಿಗಳ ಜೊತೆ ಬೆರೆತು ಮದ್ದು ಮಾಡುವ ವಿದ್ಯೆಯನ್ನು ಕಲಿತುಕೊಂಡಿದ್ದವು. ಉಪ್ಪಿನ ಹಂಗು ಅವಕ್ಕಿರಲಿಲ್ಲ. ಲಗಾಮಿಲ್ಲದ್ದರಿಂದ ಎಷ್ಟು ಬೇಕೋ ಅದಕ್ಕಿಂತ ಹತ್ತಾರು ಪಟ್ಟು ಮದ್ದು ಮಾಡುತ್ತಿದ್ದವು.

"ಕಸ್ತೂರಿ ತಡಕೋತಾಳೆ. ಆದರೆ ಅವಳ ಹಾಲಿನ ಮೂಲಕ ಕೂಸಿಗೂ ಹೋಗ್ತಾ ಇದೆ. ಅಷ್ಟು ಚಿಕ್ಕ ಜೀವಕ್ಕೆ ಅದು ನಿದ್ದೆ ಅಲ್ಲಮ್ಮಾ. ಹೀಗೇ ಬಿಟ್ರೆ ಒಂದಿನ ಉಸಿರಾಡೋದನ್ನೇ ಮರೀಬಹುದು."

ಹಂಪವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಮೊಸರಿದ್ದರೆ ತಾಯಿ ಕೂಸನ್ನು ಎತ್ತಿಕೊಳ್ಳಬಹುದು. ಎತ್ತಿಕೊಂಡರೆ ಕೂಸು ಏಳುವುದಿಲ್ಲ. ಮೊಸರಿಲ್ಲದಿದ್ದರೆ ಕೂಸು ಏಳುತ್ತದೆ. ಎತ್ತಿಕೊಳ್ಳಲು ತಾಯಿಗೆ ಕೈಯಿಲ್ಲ.

"ಸುದ್ದಿ ಮೇಲಕ್ಕೆ ಹೋಗಿದೆ. ನಾಳೆ ಕಂಪನಿಯವರು ಓಣಿಗೆ ಬರ್ತಾರೆ," ಎಂದಳು ಶಶಿರೇಖಾ. "ಕುದಿಸಿದ್ರೆ ಸಾಯತ್ತೆ. ಎಲ್ಲ ಮನೆದೂ ಕುದಿಸಲೇಬೇಕು. ಒಂದು ಬಟ್ಟಲು ಉಳಿದ್ರೂ ನಿಮ್ಮ ಜನ ಅದನ್ನ ತಾಲ್ಲೂಕಿಗೆಲ್ಲ ಹಂಚಿಬಿಡ್ತೀರ."

*

ಹಂಪವ್ವ ಮನೆಗೆ ಬಂದ ಕೂಡಲೆ ಪೆಟ್ಟಿಗೆಯಿಂದ ಒಂದು ಹೊಸ ಖಣ ತೆಗೆದಳು. ಗಡಿಗೆಯ ಮೊಸರಿನಲ್ಲಿ ಅದ್ದಿ, ಅಡುಗೆಮನೆಯ ನೆಳಲಿನಲ್ಲಿ ಹಗ್ಗಕ್ಕೆ ಹಾಕಿದಳು. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಅವಳ ತವರಿನ ಹೆಪ್ಪು ಹೀಗೆಯೇ ಬಟ್ಟೆಯಲ್ಲಿ ಒಣಗಿ ಬಂದಿತ್ತು. ಒಣಗಿದ ಬಟ್ಟೆಯನ್ನು ಹಾಲಿಗೆ ಹಾಕಿದರೆ ಹೆಪ್ಪು ಮತ್ತೆ ಏಳುತ್ತದೆ.

ಮರುದಿನ ಕಂಪನಿಯ ಗಾಡಿ ಬಂತು. ಮದುವೆಯ ಸಾರಿನ ಕೊಪ್ಪರಿಗೆಯಷ್ಟು ದೊಡ್ಡ ಪಾತ್ರೆಯನ್ನು ಓಣಿಯ ಬಾಯಲ್ಲಿ ಗ್ಯಾಸಿನ ಒಲೆಯ ಮೇಲೆ ಇಟ್ಟರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಗಡಿಗೆ ತಂದು ಸುರುವಿದರು. ಯಾರೂ ಜಗಳ ತೆಗೆಯಲಿಲ್ಲ. ತೆಗೆಯುವ ಕಸುವೇ ಅವರಲ್ಲಿರಲಿಲ್ಲ. ಮೊಸರು ಕುದಿದು ಒಡೆದು ಹಳದಿ ನೀರಾಯಿತು. ಹಂಪವ್ವ ತನ್ನ ಗಡಿಗೆಯನ್ನೂ ಸುರುವಿ ಪಕ್ಕಕ್ಕೆ ನಿಂತಳು. ಶಶಿರೇಖಾ ಅವಳ ಮುಖವನ್ನೊಮ್ಮೆ ನೋಡಿದಳು. ಏನೋ ಉಳಿಸಿಕೊಂಡದ್ದು ಹೊಳೆದಿರಬೇಕು, ಆದರೂ ಮುಂದಿನ ಗಡಿಗೆಯ ಕಡೆ ತಿರುಗಿದಳು.

ಒಂದೆರಡು ದಿನಕ್ಕೆ ಕಸ್ತೂರಿಗೆ ಮೂರ್ಛೆ ತಿರುಗಿ ಬಂತು. ಕೂಸಿಗೆ ಸೇರಿದ ಮದ್ದು ಇನ್ನೂ ಇಳಿದಿರಲಿಲ್ಲ. ಹಾಲು ಬಿಡಿಸಿ, ಎಮ್ಮೆಯ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹನಿ ಹನಿಯಾಗಿ ಹಾಕುತ್ತಿದ್ದರು. ಅದು ನುಂಗುತ್ತಿತ್ತು, ಅಳುತ್ತಿರಲಿಲ್ಲ.

ಮತ್ತೆ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಬಸಲಿಂಗವ್ವ ಬಟ್ಟಲು ಹಿಡಿದು ಬಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಹಂಪಕ್ಕಾ, ನೀ ಏನರೆ ಉಳಿಸಿರತಿ. ನನಗ ಗೊತ್ತೈತಿ. ಒಂದ ಚಮಚ ಕೊಡ. ನಮ್ಮನಿಯಾವ್ರಿಗೆ ಅದಿಲ್ಲದ ನಿದ್ದಿ ಹತ್ತವಲ್ದು. ಮೈ ನಡಗತಾವ. ಮಗ್ಗದ ಮ್ಯಾಲ ಕುಂತು ಅಳತಾರವಾ, ಗಂಡಸ ಅಳತಾರ."

ಹಗ್ಗದ ಮೇಲಿನ ಖಣ ಒಣಗಿ ಈಗ ಅಕ್ಕಿಯ ಡಬ್ಬಿಯೊಳಗಿತ್ತು. ಮೂರು ಹೆಜ್ಜೆ ಒಳಗೆ ಹೋದರೆ ಸಿಗುತ್ತಿತ್ತು. ಹಂಪವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೆಂಕಿ, ನೀರು, ಹೆಪ್ಪು.

"ಇಲ್ಲ," ಎಂದಳು.

ಬಸಲಿಂಗವ್ವ ಕೇಳಿದ್ದನ್ನು ನಂಬದೆ ನಿಂತಳು. "ಹೆಪ್ಪಿಗೆ ಇಲ್ಲ ಅಂದ್ಯಾ?"

"ಇಲ್ಲವಾ. ಮಲ್ಲೇಶಣ್ಣನ್ನ ದವಾಖಾನಿಗೆ ಕರಕೊಂಡ ಹೋಗ. ಪರಸಪ್ಪ ಬರತಾನ ನಿನ್ನ ಜೋಡಿ. ಹೆಪ್ಪ ಮಾತ್ರ ಇಲ್ಲ."

ಖಾಲಿ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಸಲಿಂಗವ್ವ ಹೊರಟುಹೋದಳು. ಅವಳ ಬಾಗಿಲು ಹಾಕಿಕೊಂಡ ಸಪ್ಪಳ ನಡುಗೋಡೆಯಲ್ಲಿ ಕೇಳಿಸಿತು. ಒಳಗೆ ಕೂತಿದ್ದ ಕಸ್ತೂರಿ ಎಲ್ಲವನ್ನೂ ಕೇಳಿದ್ದಳು.

"ಅತ್ತಿ, ಅದು ಮನ್ಯಾಗ ಇದ್ರ ನೀವು ದಿನಾ ಇಲ್ಲ ಅನಬೇಕಾಗತೈತಿ. ಒಂದಿನ ನಿಮ್ಮ ಕಡಿಂದ ಆಗಂಗಿಲ್ಲ, ಕೊಡತೀರಿ. ನಾ ನಿಮ್ಮನ್ನ ಬಲ್ಲೆ."

ಸೊಸೆ ಹೇಳಿದ್ದು ಖರೆ.

"ಬಾಯಾರ ಫೋನ್ ಮಾಡಿದ್ರು. ಕಂಪನಿ ಬಿಟ್ಟಾರಂತ. ಧಾರವಾಡದಾಗ ಒಬ್ರು ಡಾಕ್ಟರ ಅದಾರ, ಅಲ್ಲಿ ಆ ಹೆಪ್ಪಿನ ಮೊಸರ ಅಳತಿ ಮಾಡಿ ಕೊಡತೀವಿ, ಅಲ್ಲೇ ಇರಬೇಕು ಅಂದ್ರು. ಆ ಜೀವಿ ತಮ್ಮದು ಅಂತ ಕಂಪನಿಯಾವ್ರು ಕೋರ್ಟಿಗೆ ಹೋದ್ರೂ ಹೋಗಬಹುದಂತ."

"ಎಷ್ಟ ದಿನಾ?"

"ಅವ್ರಿಗೂ ಗೊತ್ತಿಲ್ಲಂತ."

"ಕೂಸು?"

ಕಸ್ತೂರಿ ತೊಟ್ಟಿಲ ಕಡೆ ನೋಡಿದಳು. "ಕೂಸು ನಿಮ್ಮ ಕಡೆ ಇರಲಿ. ನನ್ನ ಹಾಲು ಅದಕ್ಕ ಬ್ಯಾಡ."

ಮಂಗಳವಾರ ಮನೆಯ ಹೆಣ್ಣುಮಗಳನ್ನು ಹೊರಗೆ ಕಳಿಸಬಾರದು. ಆದರೆ ಡಾಕ್ಟರು ಹೇಳಿದ ದಿನ ಅದೇ ಆಗಿತ್ತು. ಹಂಪವ್ವ ಖಣವನ್ನು ಮಡಿಸಿ ಸೊಸೆಯ ಉಡಿಯಲ್ಲಿಟ್ಟಳು. ಪರಸಪ್ಪ ಚೀಲ ಹಿಡಿದ. ಬಸ್‌ಸ್ಟ್ಯಾಂಡಿನಲ್ಲಿ ಕಸ್ತೂರಿ ಕೈ ನೀಡಿದಳು. ಹಂಪವ್ವ ಕೂಸನ್ನು ಕೊಟ್ಟಳು, ಆದರೆ ತನ್ನ ಎರಡೂ ಕೈಗಳನ್ನು ಕೆಳಗೆ ಹಿಡಿದೇ ಇದ್ದಳು. ಬಸ್ಸಿನ ಹಾರನ್ನು ಆಗುವವರೆಗೆ ಇಬ್ಬರೂ ಹಾಗೇ ನಿಂತಿದ್ದರು.

ಮನೆಗೆ ಬಂದು ತೊಟ್ಟಿಲಿಗೆ ಹಾಕುವಾಗ ಹಗ್ಗ ಕಿರ್ರೆಂದಿತು. ಚಂಪಾ ಕಣ್ಣು ಬಿಟ್ಟಳು. ಸುತ್ತ ನೋಡಿದಳು. ಬೇಕಾದ ಮುಖ ಕಾಣಲಿಲ್ಲವೋ ಏನೋ, ತುಟಿ ಡೊಂಕಾಗಿ, ಎದೆ ಉಬ್ಬಿ, ಓಣಿಗೆಲ್ಲ ಕೇಳುವ ಹಾಗೆ ಕಿಟಾರನೆ ಅತ್ತಳು. ಹಂಪವ್ವ ಸಮಾಧಾನ ಮಾಡಲು ಹೋಗಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಕುಸಿದು ಕೂತು, "ಅಳು ತಂಗೀ, ಅಳು," ಎಂದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳಾಡಿತು. ಬಸಲಿಂಗವ್ವ ಬಿಸಿ ಹಾಲಿನ ಬಟ್ಟಲು ಹೊಸ್ತಿಲ ಒಳಗಿಟ್ಟು ತಿರುಗಿ ಹೋದಳು. ಆಚೆಯ ಮಗ್ಗ ಇನ್ನೂ ಸುಮ್ಮನಿತ್ತು.

ನಾಗರಪಂಚಮಿಗೆ ಎರಡು ದಿನ ಇತ್ತು. ಊರಿನ ಹೆಣ್ಣುಮಕ್ಕಳೆಲ್ಲ ಗಂಡನ ಮನೆಗಳಿಂದ ತವರಿಗೆ ಬಂದು ಇಳಿಯುತ್ತಿದ್ದರು. ಆ ಓಣಿಯಿಂದ ಕಸ್ತೂರಿ ಒಬ್ಬಳು ಹೋದಳು. ಅವತ್ತು ಮಂಗಳವಾರ.